ಮೇಷ್ಟ್ರೇ, ಒಂದು ಪ್ರಶ್ನೆ: ತುಂಬಾದ ಚರ್ಚು, ಸೈಕಲ್ಲು, ಮಲಗಿದ ಸೂಜಿ

ಹೋದ ತಿಂಗಳು ಈ ಅಂಕಣದ ಕೊನೆಗೆ ಎರಡೇ ಸಾಲು ಬರೆದಿದ್ದೆ. 1963ರ ನವೆಂಬರ್ 21ರಂದು ಕೇರಳದ ತುಂಬಾ ಎಂಬ ಮೀನುಗಾರರ ಹಳ್ಳಿಯಿಂದ ಬಾಹ್ಯಾಕಾಶದ ಕಡೆಗೆ ಒಂದು ರಾಕೆಟ್ ಹಾರಿತು, ನಮ್ಮ ನೆಲದಿಂದ ಹಾಗೆ ಹೋದ ಮೊದಲನೆಯದು ಅದು, ಅದನ್ನು ಜೋಡಿಸಿದ್ದು ಒಂದು ಚರ್ಚಿನಲ್ಲಿ ಅಂತ. ಜಾಗ ಉಳಿದಿತ್ತು, ತುಂಬಿಸಿದೆ, ಅಷ್ಟೇ. ಅದಕ್ಕೆ ಬಂದ ಪತ್ರಗಳು ಈಗ ನನ್ನ ಮೇಜಿನ ಮೇಲೆ ತೆಂಗಿನಕಾಯಿ ರಾಶಿಯ ಹಾಗೆ ಕೂತಿವೆ. ಈ ಸಲ ಪೂರ್ತಿ ತುಂಬಾದ್ದೇ. ಬೆಂಡೆಕಾಯಿ ಯಾಕೆ ಲೋಳೆ ಅಂತ ಕೇಳಿದ ಅರಸೀಕೆರೆಯವರು ಇನ್ನೊಂದು ತಿಂಗಳು ತಡೆದುಕೊಳ್ಳಬೇಕು.

ಮೇಷ್ಟ್ರೇ, ಭಾರತಕ್ಕೆ ಅಷ್ಟುದ್ದ ಕರಾವಳಿ ಇದೆ. ನಮ್ಮ ಕಾರವಾರ ಬಿಟ್ಟು ತುಂಬಾವನ್ನೇ ಯಾಕೆ ಹುಡುಕಿಕೊಂಡು ಹೋದರು? ಜಾಗ ಅಗ್ಗವಾಗಿ ಸಿಕ್ಕಿತು ಅಂತಲೇ?
– ಪಿಯುಸಿ ವಿದ್ಯಾರ್ಥಿನಿ, ಶಿರಸಿ

ಅಗ್ಗಕ್ಕಲ್ಲಮ್ಮ. ತುಂಬಾದ ತಲೆಯ ಮೇಲೆ ಒಂದು ಗೆರೆ ಹಾದುಹೋಗುತ್ತದೆ, ಅದಕ್ಕೆ.

ಭೂಮಿಯ ಮಧ್ಯದ ಗೆರೆ, ನಿನ್ನ ಅಟ್ಲಾಸಿನಲ್ಲಿ ಸೊನ್ನೆ ಡಿಗ್ರಿ ಅಂತ ಇರುತ್ತಲ್ಲ, ಅದು ತುಂಬಾದಿಂದ ಇನ್ನೂ 900 ಕಿಲೋಮೀಟರಿಗೂ ಹೆಚ್ಚು ದಕ್ಷಿಣಕ್ಕಿದೆ. ನಾನು ಹೇಳುತ್ತಿರುವುದು ಬೇರೆ ಗೆರೆ. ಭೂಮಿ ಒಂದು ದೊಡ್ಡ ಅಯಸ್ಕಾಂತ. ಅದಕ್ಕೂ ಒಂದು ಮಧ್ಯದ ಗೆರೆ ಉಂಟು. ಕಾಂತೀಯ ಸಮಭಾಜಕ ಅನ್ನುತ್ತಾರೆ. ಅದು ನೆಟ್ಟಗಿಲ್ಲ. ಹಾವು ಹರಿದ ಹಾಗೆ ಅಂಕುಡೊಂಕಾಗಿ ಭೂಮಿ ಸುತ್ತುತ್ತದೆ, ನಮ್ಮ ದೇಶದಲ್ಲಿ ದಕ್ಷಿಣದ ತುದಿಯನ್ನು ಮಾತ್ರ ಸವರಿಕೊಂಡು ಹೋಗುತ್ತದೆ.

ಆ ಗೆರೆಯ ಮೇಲೆ ನೆಲದಿಂದ ಸುಮಾರು 100 ಕಿಲೋಮೀಟರ್ ಎತ್ತರದಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಹಗಲು ಹೊತ್ತು ಅಲ್ಲಿ ವಿದ್ಯುತ್ತು ಹೊಳೆಯ ಹಾಗೆ ಪೂರ್ವಕ್ಕೆ ಹರಿಯುತ್ತದೆ. ತಂತಿ ಇಲ್ಲ, ಕಂಬ ಇಲ್ಲ. ಗಾಳಿಯೇ ಬಿಸಿಲಿಗೆ ಸಿಕ್ಕಿ ವಿದ್ಯುತ್ ಹರಿಯುವಂಥದ್ದಾಗಿರುತ್ತದೆ. ಇದಕ್ಕೆ ಎಲೆಕ್ಟ್ರೋಜೆಟ್ ಅಂತ ಹೆಸರು. ಕಿರಿದಾದ ಪಟ್ಟಿ. ಗೆರೆಯಿಂದ ಕೆಲವು ನೂರು ಕಿಲೋಮೀಟರ್ ಆಚೆ ಸರಿದರೆ ಜೋರು ಇಲ್ಲ. ನಿನ್ನ ಕಾರವಾರ ಆ ಲೆಕ್ಕದಲ್ಲಿ ದೂರ ಉಳಿಯಿತು.

ಈಗ ಇದನ್ನು ಅಳೆಯುವುದು ಹೇಗೆ? ಬಲೂನು 30-40 ಕಿಲೋಮೀಟರಿಗೆ ಸುಸ್ತಾಗುತ್ತದೆ. ಉಪಗ್ರಹ 100 ಕಿಲೋಮೀಟರ್ ಎತ್ತರದಲ್ಲಿ ನಿಲ್ಲುವುದಿಲ್ಲ, ಗಾಳಿ ಉಜ್ಜಿ ಕೆಳಗೆ ಎಳೆದುಬಿಡುತ್ತದೆ. ನಡುವಿನ ಈ ಜಾಗಕ್ಕೆ ಒಂದೇ ದಾರಿ. ಸಣ್ಣ ರಾಕೆಟ್ಟಿನ ತಲೆಯಲ್ಲಿ ಉಪಕರಣ ಇಟ್ಟು ಮೇಲಕ್ಕೆ ಹಾರಿಸುವುದು. ಅದು ಹೋಗುತ್ತಾ ಬರುತ್ತಾ ಅಳೆದು, ರೇಡಿಯೋದಲ್ಲಿ ಹೇಳಿ, ಸಮುದ್ರಕ್ಕೆ ಬೀಳುತ್ತದೆ. ಇದನ್ನು ಸೌಂಡಿಂಗ್ ರಾಕೆಟ್ ಅನ್ನುತ್ತಾರೆ. ಹಳೇ ನಾವಿಕರು ಹಗ್ಗ ಇಳಿಬಿಟ್ಟು ನೀರಿನ ಆಳ ನೋಡುತ್ತಿದ್ದರಲ್ಲ, ಆ ಕೆಲಸದ ಹೆಸರೇ ಇದಕ್ಕೆ ಬಂದದ್ದು.

ಹಾಗಾಗಿ ಜಗತ್ತಿನ ವಿಜ್ಞಾನಿಗಳಿಗೂ ಆ ಗೆರೆಯ ಮೇಲೆ ಒಂದು ಉಡಾವಣಾ ಜಾಗ ಬೇಕಿತ್ತು. ವಿಕ್ರಮ್ ಸಾರಾಭಾಯಿ ಅದನ್ನು ನಾವೇ ಕೊಡೋಣ ಅಂದರು. 1962ರಲ್ಲಿ ಹೋಮಿ ಭಾಭಾ ಅವರ ಅಣುಶಕ್ತಿ ಇಲಾಖೆಯ ಕೆಳಗೆ ಬಾಹ್ಯಾಕಾಶ ಸಂಶೋಧನೆಗೆ ಒಂದು ಸಮಿತಿ ಆಯಿತು. ಸಾರಾಭಾಯಿ ಅದರ ಅಧ್ಯಕ್ಷರು. ಕೇರಳದ ಕಡಲ ತೀರದಲ್ಲಿ ಜಾಗ ಹುಡುಕಿದವರಲ್ಲಿ ಇ.ವಿ. ಚಿಟ್ನಿಸ್ ಮುಖ್ಯರು. ಕಡೆಗೆ ರೈಲು ಹಳಿಗೂ ಸಮುದ್ರಕ್ಕೂ ನಡುವೆ ಎರಡೂವರೆ ಕಿಲೋಮೀಟರಿನ, ಸುಮಾರು 600 ಎಕರೆ ಮರಳು ನೆಲ ಗೊತ್ತಾಯಿತು.

ನೀನು ನಂಬದೇ ಇರಬಹುದು, ಆ ಗೆರೆಯನ್ನು ನಾನು ಕಣ್ಣಾರೆ ನೋಡಿದ್ದೇನೆ. 1991ರಲ್ಲಿ ಶಾಲೆಯ 34 ಮಕ್ಕಳನ್ನು ಬಸ್ಸಿನಲ್ಲಿ ಕನ್ಯಾಕುಮಾರಿ ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದೆ. ನಮ್ಮ ಲ್ಯಾಬಿನಲ್ಲಿ ಒಂದು ಡಿಪ್ ಸೂಜಿ ಇತ್ತು. ದಿಕ್ಸೂಚಿಯ ಮುಳ್ಳು ಅಡ್ಡಡ್ಡ ತಿರುಗಿದರೆ ಇದು ಮೇಲೆ ಕೆಳಗೆ ತೂಗುತ್ತದೆ. ತಿಪಟೂರಿನಲ್ಲಿ ಅದರ ಉತ್ತರದ ತುದಿ ಯಾವಾಗಲೂ ನೆಲದ ಕಡೆಗೆ ವಾಲಿಕೊಂಡೇ ಇರುತ್ತಿತ್ತು. ಹೆಡ್‌ಮಾಸ್ಟರಿಗೆ ಹೇಳದೆ ಅದನ್ನು ಟವೆಲ್ಲಿನಲ್ಲಿ ಸುತ್ತಿ, ಬಿಸ್ಕತ್ ಡಬ್ಬಿಯಲ್ಲಿಟ್ಟು ಒಯ್ದೆ. ತುಂಬಾದ ಪಕ್ಕದ ವೇಳಿ ಎಂಬಲ್ಲಿ ಕಡಲ ದಂಡೆಯಲ್ಲಿ ಡಬ್ಬಿ ಬಿಚ್ಚಿದೆ. ಡಬ್ಬಿ ಕಬ್ಬಿಣದ್ದು, ಅದನ್ನು ದೂರ ಇಡಿಸಿದೆ. ಬಸ್ಸಂತೂ ರಸ್ತೆಯಲ್ಲೇ ಇತ್ತು. ಗಾಳಿಗೆ ಸೂಜಿ ನಿಲ್ಲುತ್ತಲೇ ಇರಲಿಲ್ಲ. ಮಕ್ಕಳು ಸುತ್ತ ಟವೆಲ್, ಪಂಚೆ ಹಿಡಿದು ಗೋಡೆ ಕಟ್ಟಿದರು. ಸೂಜಿ ತೂಗಿ ತೂಗಿ, ಕಡೆಗೆ ಹಾಸಿಗೆಯ ಮೇಲೆ ಮಲಗಿದ ಹಾಗೆ ಹೆಚ್ಚುಕಡಿಮೆ ಮಟ್ಟವಾಗಿ ನಿಂತಿತು. ಒಬ್ಬ ಹುಡುಗ "ಸಾರ್, ಇದು ಕೆಟ್ಟೋಯ್ತು" ಅಂದ. ಅವನಿಗೆ ವಾಲಿದ ಸೂಜಿಯೇ ಸರಿಯಾದ ಸೂಜಿ.

ಊರಿಗೆ ವಾಪಸು ಬಂದಮೇಲೆ ಅದು ಮತ್ತೆ ವಾಲಿತು.

ನಮ್ಮ ದೇಶದ ಮೊದಲ ರಾಕೆಟ್ಟನ್ನು ಸೈಕಲ್ಲಿನ ಮೇಲೂ ಎತ್ತಿನ ಗಾಡಿಯ ಮೇಲೂ ಸಾಗಿಸಿದರಂತೆ. ವಾಟ್ಸಾಪಿನಲ್ಲಿ ಎರಡೂ ಫೋಟೋ ಬಂದಿವೆ. ಅಂಥ ಬಡತನದಿಂದ ಇಲ್ಲಿಗೆ ಬಂದೆವು ಅಂತ ಹೆಮ್ಮೆ ಆಗುತ್ತದೆ. ನಿಜ ತಾನೇ?
– ಕಿರಾಣಿ ವ್ಯಾಪಾರಿ, ಹುಬ್ಬಳ್ಳಿ

ಫೋಟೋ ಎರಡೂ ನಿಜ ಸಾಹೇಬ್ರೇ. ಕೆಳಗೆ ಬರೆದ ಕಥೆ ಮಾತ್ರ ಕಲಬೆರಕೆ.

ಸೈಕಲ್ಲಿನದು ತುಂಬಾದ್ದೇ. 1966ರಲ್ಲಿ ಫ್ರೆಂಚ್ ಛಾಯಾಗ್ರಾಹಕ ಆನ್ರಿ ಕಾರ್ತಿಯೆ ಬ್ರೆಸಾನ್ ತೆಗೆದದ್ದು. ಅದು ಮೊದಲ ರಾಕೆಟ್ ಅಲ್ಲ, ಆ ಹೊತ್ತಿಗೆ ತುಂಬಾದಿಂದ ಹಾರಲು ಶುರುವಾಗಿ ಮೂರು ವರ್ಷ ಆಗಿತ್ತು. ಕ್ಯಾರಿಯರ್ ಮೇಲೆ ಇರುವುದು ಇಡೀ ರಾಕೆಟ್ಟೂ ಅಲ್ಲ, ಅದರ ಮೂತಿ, ಶಂಕುವಿನಾಕಾರದ ತುದಿ ಮಾತ್ರ. ಒಳಗೆ ಟೊಳ್ಳು. ಸೈಕಲ್ ಜೊತೆ ಇರುವವರಲ್ಲಿ ಒಬ್ಬರು ಸಿ.ಆರ್. ಸತ್ಯ. ನಮ್ಮವರೇ, ಎಂಜಿನಿಯರು, ಮುಂದೆ ಕನ್ನಡದಲ್ಲೂ ಬರೆದವರು.

ಎತ್ತಿನ ಗಾಡಿಯದು ತುಂಬಾದ್ದಲ್ಲ, ರಾಕೆಟ್ಟೂ ಅಲ್ಲ. ಅದು ಆಪಲ್ ಎಂಬ ಉಪಗ್ರಹ, 1981ನೇ ಇಸವಿ, ನಮ್ಮ ಬೆಂಗಳೂರು. ಅದರ ಆಂಟೆನಾವನ್ನು ಬಯಲಿನಲ್ಲಿಟ್ಟು ಪರೀಕ್ಷಿಸಬೇಕಿತ್ತು. ಲಾರಿಯ ಮೇಲಿಟ್ಟರೆ ಲಾರಿಯ ಕಬ್ಬಿಣವೇ ರೇಡಿಯೋ ಅಲೆಗಳನ್ನು ಕದಡಿ ಅಳತೆ ಕೆಡಿಸುತ್ತದೆ. ಕಬ್ಬಿಣ ಜಾಸ್ತಿ ಇಲ್ಲದ, ಅಷ್ಟು ಭಾರ ಹೊರುವ, ಸುಲಭವಾಗಿ ಸಿಗುವ ವಾಹನ ಯಾವುದು? ಮರದ ಗಾಡಿ. ಬಾಡಿಗೆಗೆ ತಂದರು. ಉಪಗ್ರಹ ಆ ವರ್ಷದ ಜೂನ್ 19ರಂದು ದಕ್ಷಿಣ ಅಮೆರಿಕದ ಕೂರೂ ಎಂಬಲ್ಲಿಂದ ಯುರೋಪಿನ ಏರಿಯಾನ್ ರಾಕೆಟ್ಟಿನಲ್ಲಿ ಮೇಲೆ ಹೋಯಿತು.

ಇನ್ನು ಬಡತನದ ಮಾತು. ದುಡ್ಡು ಕಡಿಮೆ ಇತ್ತು, ಸುಳ್ಳಲ್ಲ. ತುಂಬಾದಲ್ಲಿ ಆರಂಭದಲ್ಲಿ ಜೀಪಿಗೂ ಬರ. ಆದರೆ ಟೊಳ್ಳು ಮೂತಿಯನ್ನು ಮರಳಿನ ದಾರಿಯಲ್ಲಿ ನಾಲ್ಕು ಹೆಜ್ಜೆ ಆಚೆಗೆ ಒಯ್ಯಲು ಸೈಕಲ್ಲಿಗಿಂತ ಒಳ್ಳೆಯದು ಏನಿದೆ ಹೇಳಿ? ನಮ್ಮಪ್ಪ ತೋಟದಿಂದ ತೆಂಗಿನಕಾಯಿ ತರಲು ಗಾಡಿ ಕಟ್ಟುತ್ತಿದ್ದ. ಸಂತೆಗೆ ಒಂದು ಚೀಲ ಕೊಬ್ಬರಿ ಒಯ್ಯಲು ಸೈಕಲ್ ತಳ್ಳುತ್ತಿದ್ದ. ಗಾಡಿ ಕಟ್ಟಿದ ದಿನ ಸಾಹುಕಾರ, ಸೈಕಲ್ ತಳ್ಳಿದ ದಿನ ಬಡವ ಅಂತ ಯಾರೂ ಅನ್ನಲಿಲ್ಲ. ಹೊರೆಗೆ ತಕ್ಕ ಗಾಲಿ, ಅಷ್ಟೇ. ಆ ಫೋಟೋ ನೋಡಿದಾಗ ನನಗೆ ಬಡತನ ಕಾಣುವುದಿಲ್ಲ, ಕೆಲಸ ಬಲ್ಲವರು ಕಾಣುತ್ತಾರೆ. ಹೆಮ್ಮೆ ಪಡಿ, ಬೇಡ ಅನ್ನಲಿಲ್ಲ. ಬರೆದದ್ದನ್ನು ಮುಂದಕ್ಕೆ ಕಳಿಸುವ ಮೊದಲು ಎತ್ತಿನ ಗಾಡಿಯನ್ನು ಬೆಂಗಳೂರಿಗೆ ತಿರುಗಿಸಿ ಕಳಿಸಿ.

ಚರ್ಚನ್ನು ಸರ್ಕಾರ ಕಿತ್ತುಕೊಂಡಿತೇ, ಅವರೇ ಕೊಟ್ಟರೇ? ನಮ್ಮ ಮನೆಯಲ್ಲಿ ಇದರ ಮೇಲೆ ಜಗಳವೇ ಆಯಿತು.
– ಗೃಹಿಣಿ, ಮಂಗಳೂರು

ಕೊಟ್ಟರು. ಆ ಕಥೆಯನ್ನು ಅಬ್ದುಲ್ ಕಲಾಂ ಅವರು ಎಷ್ಟೋ ಸಭೆಗಳಲ್ಲಿ ಹೇಳಿದ್ದಾರೆ. ಸೇಂಟ್ ಮೇರಿ ಮ್ಯಾಗ್ಡಲೀನ್ ಚರ್ಚು ಸರಿಯಾಗಿ ಬೇಕಾದ ಜಾಗದ ನಡುವೆ ಇತ್ತು. ಸಾರಾಭಾಯಿ ತಿರುವನಂತಪುರದ ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಅವರನ್ನು ಹೋಗಿ ಕಂಡರು. ಬಿಷಪ್ ಅಲ್ಲೇ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಭಾನುವಾರ ಪ್ರಾರ್ಥನೆಗೆ ಬನ್ನಿ ಅಂದರು. ಭಾನುವಾರ ಜನರ ಮುಂದೆ ವಿಷಯ ಇಟ್ಟರು. ಈ ವಿಜ್ಞಾನಿ ನನ್ನ ಮನೆಯನ್ನೂ ನಿಮ್ಮ ಮನೆಗಳನ್ನೂ ದೇವರ ಮನೆಯನ್ನೂ ಕೇಳುತ್ತಿದ್ದಾರೆ, ಕೊಡೋಣವೇ ಅಂತ ಕೇಳಿದರು. ಜನ ಆಮೆನ್ ಅಂದರು.

ಇಲ್ಲಿಗೆ ಎಲ್ಲರೂ ಕಥೆ ನಿಲ್ಲಿಸುತ್ತಾರೆ. ನನಗೆ ಇದರ ಮುಂದಿನದೇ ಮುಖ್ಯ. ಆಮೆನ್ ಅಂದವರು ಮೀನುಗಾರರು. ಅವರಿಗೆ ಮನೆ ಅಂದರೆ ಕಡಲಿಗೆ ಹತ್ತಿರದ ಮನೆ. ದೋಣಿ ಕಣ್ಣಿಗೆ ಕಾಣಬೇಕು, ಬಲೆ ಒಣಗಿಸಲು ಮರಳು ಬೇಕು. ಆಗಿನ ಜಿಲ್ಲಾಧಿಕಾರಿ ಕೆ. ಮಾಧವನ್ ನಾಯರ್ ಭೂಸ್ವಾಧೀನದ ಕೆಲಸ ನಡೆಸಿದರು. ಕುಟುಂಬಗಳು ಹತ್ತಿರದಲ್ಲೇ ಬೇರೆ ಕಡೆ ಹೋದವು, ಅವರಿಗೆ ಹೊಸ ಚರ್ಚೂ ಆಯಿತು. ಒಂದು ಭಾನುವಾರ ಆಮೆನ್ ಅನ್ನುವುದು ಒಂದು ಮಾತು. ಸೋಮವಾರ ಮಡಕೆ ಕುಡಿಕೆ ಎತ್ತಿಕೊಂಡು ಹೊರಡುವುದು ಇನ್ನೊಂದು ಮಾತು. ನಿಮ್ಮ ಮನೆಯ ಜಗಳದಲ್ಲಿ ಯಾರಾದರೂ ಈ ಎರಡನೆಯ ಮಾತು ಆಡಿದ್ದರೆ ನನ್ನ ವೋಟು ಅವರಿಗೆ.

ಚರ್ಚು ಕೆಡವಲಿಲ್ಲ. ಪ್ರಾರ್ಥನೆಯ ಕೋಣೆ ಕಲಾಂ ಅವರ ಮೊದಲ ಪ್ರಯೋಗಾಲಯ ಆಯಿತು, ಬಿಷಪ್ ಕೋಣೆಯಲ್ಲಿ ಡ್ರಾಯಿಂಗ್ ಬೋರ್ಡ್ ಬಂತು. ಈಗ ಅದೇ ಕಟ್ಟಡ ಬಾಹ್ಯಾಕಾಶ ವಸ್ತುಸಂಗ್ರಹಾಲಯ.

ಅಂದು ಹಾರಿದ್ದು ಅಮೆರಿಕದ ರಾಕೆಟ್ ಅಂತ ನನ್ನ ಗೆಳೆಯ ವಾದಿಸುತ್ತಾನೆ. ಹಾಗಿದ್ದರೆ ನಮ್ಮದು ಏನು?
– ನಿವೃತ್ತ ಬ್ಯಾಂಕ್ ನೌಕರರು, ದಾವಣಗೆರೆ

ಗೆಳೆಯರು ಸರಿ. ರಾಕೆಟ್ ಅಮೆರಿಕದ ನೈಕಿ ಅಪಾಚೆ, ನಾಸಾ ಕೊಟ್ಟದ್ದು. ತಲೆಯಲ್ಲಿದ್ದ ಸೋಡಿಯಂ ಉಪಕರಣ ಫ್ರಾನ್ಸಿನದು. ಆಮೇಲೆ ರಷ್ಯಾದವರು ಹೆಲಿಕಾಪ್ಟರು, ಕಂಪ್ಯೂಟರು ಕೊಟ್ಟರು. ಅಮೆರಿಕ, ರಷ್ಯಾ ಹೊರಗೆ ಹಲ್ಲು ಕಡಿಯುತ್ತಿದ್ದ ಕಾಲ. ತುಂಬಾದ ಮರಳಿನಲ್ಲಿ ಇಬ್ಬರ ಸಾಮಾನೂ ಒಟ್ಟಿಗೆ ಇರುತ್ತಿತ್ತು. 1968ರ ಫೆಬ್ರುವರಿ 2ರಂದು ಇಂದಿರಾ ಗಾಂಧಿಯವರು ಈ ಕೇಂದ್ರವನ್ನು ವಿಶ್ವಸಂಸ್ಥೆಗೆ ಅರ್ಪಿಸಿದರು. ಯಾವ ದೇಶದವರೂ ಬಂದು ಪ್ರಯೋಗ ಮಾಡಬಹುದು ಅಂತ.

ನಮ್ಮದು ನೆಲ, ಜನ, ಮತ್ತು ತೋಳು. ತೋಳು ಅಂದದ್ದು ಸುಮ್ನೆ ಅಲ್ಲ. ಕಲಾಂ, ಆರ್. ಅರವಮುದನ್, ಡಿ. ಈಶ್ವರದಾಸ್ ಮುಂತಾದ ಕೆಲವೇ ಹುಡುಗರು ಅಮೆರಿಕಕ್ಕೆ ಹೋಗಿ ಕೆಲಸ ಕಲಿತು ಬಂದಿದ್ದರು. ಕಲಾಂ ಅವರದು ರಾಕೆಟ್ ಜೋಡಣೆ ಮತ್ತು ಸುರಕ್ಷತೆ. ನವೆಂಬರ್ 21ರಂದು ಚರ್ಚಿನಲ್ಲಿ ಜೋಡಿಸಿದ ರಾಕೆಟ್ಟನ್ನು ಲಾರಿಯಲ್ಲಿ (ಸೈಕಲ್ಲಿನಲ್ಲಲ್ಲ, ಹುಬ್ಬಳ್ಳಿಯವರು ಗಮನಿಸಿ) ಉಡಾವಣಾ ಜಾಗಕ್ಕೆ ತಂದರು. ಕೈಯಿಂದ ನಡೆಸುವ ಹೈಡ್ರಾಲಿಕ್ ಕ್ರೇನಿನಿಂದ ಎತ್ತಿ ಲಾಂಚರಿನ ಮೇಲೆ ಕೂರಿಸಬೇಕು. ಎತ್ತುವಾಗ ರಾಕೆಟ್ ವಾಲಿತು. ನೋಡಿದರೆ ಕ್ರೇನಿನಿಂದ ಎಣ್ಣೆ ಸೋರುತ್ತಿದೆ. ರಿಪೇರಿಗೆ ಸಮಯ ಇಲ್ಲ. ಎಲ್ಲರೂ ಸೇರಿ ಹೆಗಲು ಕೊಟ್ಟು ಎತ್ತಿ ಕೂರಿಸಿದರು.

ಸಮಯ ಇಲ್ಲ ಅಂದೆನಲ್ಲ, ಯಾಕೆ ಅಷ್ಟು ಅವಸರ? ನಾಳೆ ಹಾರಿಸಬಾರದಿತ್ತೇ? ಆ ಪ್ರಯೋಗಕ್ಕೆ ಮುಸ್ಸಂಜೆಯೇ ಬೇಕು. ರಾಕೆಟ್ ಮೇಲೆ ಹೋಗಿ ಸೋಡಿಯಂ ಆವಿಯನ್ನು ಚೆಲ್ಲುತ್ತದೆ. ಆ ಹೊತ್ತಿಗೆ ನೆಲದ ಮೇಲೆ ಕತ್ತಲು ಕವಿದಿರಬೇಕು, ಅಷ್ಟು ಎತ್ತರದಲ್ಲಿ ಮಾತ್ರ ಇನ್ನೂ ಬಿಸಿಲು ಇರಬೇಕು. ಆಗ ಆವಿ ಹಳದಿ-ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತದೆ. ರಸ್ತೆಯ ಹಳೇ ಸೋಡಿಯಂ ದೀಪ ನೆನಪಿದೆಯಲ್ಲ, ಅದೇ ಬಣ್ಣ. ಬೇರೆ ಬೇರೆ ಊರಿನಿಂದ ಫೋಟೋ ತೆಗೆದು, ಹಿಂದಿನ ನಕ್ಷತ್ರಗಳ ಲೆಕ್ಕದಲ್ಲಿ ಆ ಬಣ್ಣದ ಮೋಡ ಯಾವ ಕಡೆ ಎಷ್ಟು ಸರಿಯಿತು ಅಂತ ನೋಡಿದರೆ ಮೇಲಿನ ಗಾಳಿಯ ವೇಗ ಸಿಗುತ್ತದೆ. ಸಂಜೆ 6.25ಕ್ಕೆ ರಾಕೆಟ್ ಹೋಯಿತು. ಸ್ವಲ್ಪ ಹೊತ್ತಿಗೆ ಕೇರಳದ ಜನ ಅಂಗಳಕ್ಕೆ ಬಂದು ತಲೆ ಎತ್ತಿ ಆಕಾಶದಲ್ಲಿ ಕಿತ್ತಳೆ ಗೀಟು ನೋಡಿದರು. ಮಾರನೇ ದಿನ ಅಮೆರಿಕದಲ್ಲಿ ಕೆನಡಿ ಹತ್ಯೆ ಆಯಿತು. ಆಮೇಲೆ ಜಗತ್ತಿನ ಪತ್ರಿಕೆಗಳಲ್ಲಿ ತುಂಬಾಕ್ಕೆ ಎಲ್ಲಿಂದ ಜಾಗ?

ನಮ್ಮದೇ ರಾಕೆಟ್ ಹಾರಲು ಇನ್ನೂ ನಾಲ್ಕು ವರ್ಷ ಬೇಕಾಯಿತು. 1967ರ ನವೆಂಬರ್ 20, ಆರ್‌ಎಚ್-75. ಆರ್‌ಎಚ್ ಅಂದರೆ ರೋಹಿಣಿ, 75 ಅಂದರೆ ಅದರ ದಪ್ಪ, 75 ಮಿಲಿಮೀಟರು. ನಮ್ಮ ಬೋರ್‌ವೆಲ್ ಪೈಪಿಗಿಂತ ಸಣ್ಣದು. ಗೆಳೆಯರಿಗೆ ಇದನ್ನೂ ಹೇಳಿ.

ಟಿಪ್ಪುವಿನ ರಾಕೆಟ್ಟಿನ ಚಿತ್ರ ನಾಸಾದಲ್ಲಿದೆ ಅನ್ನುತ್ತಾರೆ. ಹೌದೇ?
– ಶ್ರೀರಂಗಪಟ್ಟಣದಿಂದ ಒಬ್ಬರು

ಅಮೆರಿಕದ ವರ್ಜೀನಿಯಾ ರಾಜ್ಯದ ವಾಲಪ್ಸ್ ದ್ವೀಪದಲ್ಲಿ ನಾಸಾದ ಉಡಾವಣಾ ಕೇಂದ್ರ ಇದೆ. ತುಂಬಾ ಶುರುವಾಗುವ ಮೊದಲು ತರಬೇತಿಗೆ ಹೋದ ಕಲಾಂ ಅಲ್ಲಿನ ಗೋಡೆಯ ಮೇಲೆ ಅಂಥ ಚಿತ್ರ ನೋಡಿದೆ ಅಂತ ತಾವೇ ಹೇಳಿದ್ದಾರೆ. ರಾಕೆಟ್ ಹಾರಿಸುತ್ತಿದ್ದ ಸಿಪಾಯಿಗಳ ಮೈಬಣ್ಣ ಬಿಳಿ ಇಲ್ಲವಲ್ಲ ಅಂತ ಹತ್ತಿರ ಹೋಗಿ ನೋಡಿದರೆ ಟಿಪ್ಪುವಿನ ಸೇನೆ. ನಿಮ್ಮ ಊರಿನ ಕಥೆಗೆ ಇದಕ್ಕಿಂತ ಹೆಚ್ಚು ಒಗ್ಗರಣೆ ಬೇಡ.

ಹಾಗಾದರೆ ಚಂದ್ರಯಾನ ಯಾಕೆ ಶ್ರೀಹರಿಕೋಟಾದಿಂದ ಹೋಯಿತು? ತುಂಬಾದ ಕೇಂದ್ರ ಹಳೇದಾಯಿತಾ?
– ಎಂಟನೇ ಕ್ಲಾಸ್ ಹುಡುಗ, ಚಿತ್ರದುರ್ಗ

ಹಳೇದಾಗಿ ಅಲ್ಲ ಮರಿ, ದಿಕ್ಕು ತಪ್ಪು. ಭೂಮಿ ಪೂರ್ವಕ್ಕೆ ತಿರುಗುತ್ತದೆ. ಓಡುವ ಬಸ್ಸಿನಿಂದ ಇಳಿಯುವಾಗ ಬಸ್ಸು ಹೋಗುವ ಕಡೆಗೇ ತಳ್ಳುತ್ತಲ್ಲ, ಹಾಗೆ ಪೂರ್ವಕ್ಕೆ ಹಾರಿಸಿದ ರಾಕೆಟ್ಟಿಗೆ ಭೂಮಿಯೇ ಸೆಕೆಂಡಿಗೆ ಸುಮಾರು 450 ಮೀಟರ್ ವೇಗವನ್ನು ಬಿಟ್ಟಿ ಕೊಡುತ್ತದೆ. ತುಂಬಾದಿಂದ ಪೂರ್ವಕ್ಕೆ ಹಾರಿಸಿದರೆ ಕೆಳಗೆ ಊರುಗಳು. ಉರಿದು ಮುಗಿದ ಭಾಗಗಳು ಬೀಳುವುದು ಜನರ ತಲೆ ಮೇಲೆ. ಸಣ್ಣ ರಾಕೆಟ್ಟನ್ನು ಪಶ್ಚಿಮಕ್ಕೆ, ಸಮುದ್ರದ ಕಡೆಗೆ ಹಾರಿಸಿದರೆ ನಡೆಯುತ್ತದೆ, ಅದು ಹೋಗಿ ಬೀಳುವಂಥದ್ದು. ಉಪಗ್ರಹಕ್ಕೆ ಪೂರ್ವದಲ್ಲಿ ಕಡಲಿರುವ ಜಾಗ ಬೇಕು. 1969ರಲ್ಲಿ ಆಂಧ್ರದ ಪುಲಿಕಾಟ್ ಸರೋವರಕ್ಕೂ ಬಂಗಾಳ ಕೊಲ್ಲಿಗೂ ನಡುವಿನ ಶ್ರೀಹರಿಕೋಟಾ ಗೊತ್ತಾಯಿತು. ಅಲ್ಲೂ ಯಾನಾದಿ ಎಂಬ ಬುಡಕಟ್ಟಿನ ಜನ ಇದ್ದರು, ಅದನ್ನು ಮರೆಯಬೇಡ. 1971ರ ಅಕ್ಟೋಬರ್ 9ರಂದು ಅಲ್ಲಿಂದ ಮೊದಲು ಹೋದದ್ದು ಸಣ್ಣ ಆರ್‌ಎಚ್-125. ಉಪಗ್ರಹ ಒಯ್ಯುವ ಎಸ್‌ಎಲ್‌ವಿ-3 ಮೊದಲ ಸಲ, 1979ರ ಆಗಸ್ಟ್ 10ರಂದು, ಸಮುದ್ರಕ್ಕೆ ಬಿತ್ತು. 1980ರ ಜುಲೈ 18ಕ್ಕೆ ಗೆದ್ದಿತು.

ಧ್ರುವದ ಕಡೆ ಹೋಗುವ ಉಪಗ್ರಹಕ್ಕೆ ಶ್ರೀಹರಿಕೋಟಾದಿಂದಲೂ ಒಂದು ತೊಡಕು ಇದೆ. ನೇರ ದಕ್ಷಿಣಕ್ಕೆ ಹಾರಿಸಿದರೆ ಶ್ರೀಲಂಕಾ ಅಡ್ಡ. ಸುತ್ತಿ ಬಳಸಿ ಹೋಗಬೇಕು, ಇಂಧನ ಜಾಸ್ತಿ. ಅದಕ್ಕೇ ತಮಿಳುನಾಡಿನ ಕುಲಶೇಖರಪಟ್ಟಿಣದಲ್ಲಿ ಸಣ್ಣ ರಾಕೆಟ್ಟುಗಳಿಗೆ ಹೊಸ ಜಾಗ. 2024ರ ಫೆಬ್ರುವರಿಯಲ್ಲಿ ಶಂಕುಸ್ಥಾಪನೆ ಆಯಿತು. ಅಟ್ಲಾಸ್ ತೆಗೆದು ಮೂರೂ ಊರಿಗೆ ಗುರುತು ಹಾಕು, ಆಗ ನಾನು ಇಷ್ಟು ಬರೆಯುವುದೇ ಬೇಕಾಗಿರಲಿಲ್ಲ ಅನ್ನಿಸುತ್ತದೆ.

ತುಂಬಾ ಅಂದರೆ ಅರ್ಥ ಏನು? ನೋಡಲು ಬಿಡುತ್ತಾರಾ?
– ಕಾಲೇಜು ಉಪನ್ಯಾಸಕಿ, ಕೊಪ್ಪಳ

ಮಲಯಾಳದಲ್ಲಿ ತುಂಬ ಅಂದರೆ ನಮ್ಮ ತುಂಬೆ ಹೂವು. ಬೇಲಿ ಪಕ್ಕ ಬೆಳೆಯುತ್ತದಲ್ಲ, ಶಿವನಿಗೆ ಏರಿಸುತ್ತೇವಲ್ಲ, ಅದೇ.

ಚರ್ಚಿನ ಒಳಗಿನ ವಸ್ತುಸಂಗ್ರಹಾಲಯಕ್ಕೆ ಬಿಡುತ್ತಾರೆ. ಗುರುತಿನ ಚೀಟಿ ಮರೆಯಬೇಡಿ, ಹೋಗುವ ಮೊದಲು ಸಮಯ ವಿಚಾರಿಸಿ. ಎರಡನೇ ಸಲ ಮಗಳ ಜೊತೆ ಹೋದಾಗ ಅದೃಷ್ಟಕ್ಕೆ ಒಂದು ಆರ್‌ಎಚ್-200 ಹಾರುವುದೂ ಕಾಣಿಸಿತು. ಟಿವಿಯಲ್ಲಿ ನೋಡುವ ಹಾಗೆ ನಿಧಾನಕ್ಕೆ ಏಳುವುದಿಲ್ಲ. ಮಗಳು ಮೊಬೈಲ್ ಎತ್ತುವಷ್ಟರಲ್ಲಿ ಲಾಂಚರ್ ಖಾಲಿ. ಬಟ್ಟೆ ಹರಿದ ಹಾಗೆ ಸದ್ದು ಆಮೇಲೆ ಬಂತು. ಅವಳ ಮೊಬೈಲಿನಲ್ಲಿ ಇರುವುದು ಬಿಳಿ ಹೊಗೆ ಮತ್ತು ನನ್ನ ಮೊಣಕೈ.

ನಿಮ್ಮ ಡಿಪ್ ಸೂಜಿಯಂಥದ್ದು ನಮ್ಮ ಶಾಲೆಯಲ್ಲಿಲ್ಲ. ಮನೆಯಲ್ಲಿ ಮಾಡಬಹುದೇ?
– ತಿಪಟೂರಿನ ನನ್ನ ಹಳೇ ಶಿಷ್ಯನ ಮಗಳು, ಈಗ ಚಾಮರಾಜನಗರದಲ್ಲಿ ಒಂಬತ್ತನೇ ಕ್ಲಾಸ್ (ಸೂಜಿಯ ಕಥೆ ಇವಳಿಗೆ ಅಪ್ಪ ಹೇಳಿದ್ದು)

ಮಾಡಬಹುದು ಪುಟ್ಟಿ. ಉದ್ದನೆಯ ಗೋಣಿ ಹೊಲಿಯುವ ದಬ್ಬಳ ತಗೋ. ನಡುವೆ ತೆಳು ದಾರ ಕಟ್ಟು, ಮಟ್ಟವಾಗಿ ತೂಗುವ ತನಕ ಗಂಟನ್ನು ಆಚೆ ಈಚೆ ಸರಿಸು. ಸರಿಹೋದ ಮೇಲೆ ಗಂಟಿಗೆ ಒಂದು ಚೂರು ಗಮ್ ಹಾಕಿ ಒಣಗಲು ಬಿಡು. ಆಮೇಲೆ ಹಳೇ ಸ್ಪೀಕರಿನ ಅಯಸ್ಕಾಂತದಿಂದ ದಬ್ಬಳವನ್ನು ಒಂದೇ ದಿಕ್ಕಿಗೆ ಮೂವತ್ತು ನಲವತ್ತು ಸಲ ಸವರು. ಹೋಗುತ್ತಾ ಬರುತ್ತಾ ಉಜ್ಜಬೇಡ. ಈಗ ಮತ್ತೆ ತೂಗುಬಿಡು. ತಾನೇ ತಿರುಗಿ ಉತ್ತರಕ್ಕೆ ಮುಖ ಮಾಡಿ, ಆ ತುದಿ ಕೆಳಕ್ಕೆ ವಾಲುತ್ತದೆ.

ಮನೆಯೊಳಗೆ ಮಾಡಬೇಡ. ತಾರಸಿಯಲ್ಲಿ ಕಂಬಿ ಇರುತ್ತದೆ. ತೋಟಕ್ಕೆ ಹೋಗು, ಪಂಪ್‌ಸೆಟ್ಟಿನಿಂದ ದೂರ. ಬೀದರಿನಲ್ಲಿ ಜಾಸ್ತಿ ವಾಲಬೇಕು, ನಿಮ್ಮ ಚಾಮರಾಜನಗರದಲ್ಲಿ ಕಡಿಮೆ. ಬೀದರಿನ ಓದುಗರು ಯಾರಾದರೂ ಇದ್ದರೆ ನೀವೂ ಮಾಡಿ. ಕೋನಮಾಪಕ ಹಿಡಿದು ಎಷ್ಟು ಡಿಗ್ರಿ ಅಂತ ಕಾರ್ಡಿನಲ್ಲಿ ಬರೆದು ಕಳಿಸಿ. ಊರಿನ ಹೆಸರು ಬಿಡಿಸಿ ಬರೆಯಿರಿ, ಹೋದ ಸಲ ಮೂರು ಕಾರ್ಡು ಎಲ್ಲಿಯವು ಅಂತಲೇ ತಿಳಿಯಲಿಲ್ಲ.